ಬರೆಯುವ ಕೈ, ಮಾರುವ ಕೈ

ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ಕಳೆದವನು ನಾನು. ದಿನಕ್ಕೆ ಹತ್ತು ಮಂದಿಯಾದರೂ ಚೀಟಿಯಿಲ್ಲದೆ ಬಂದು 'ಜ್ವರಕ್ಕೆ ಏನಾದರೂ ಕೊಡಿ' ಎನ್ನುತ್ತಾರೆ. ಚೀಟಿ ತನ್ನಿ ಎಂದರೆ ಮುನಿಸಿಕೊಂಡು ಪಕ್ಕದ ಅಂಗಡಿಗೆ ನಡೆಯುತ್ತಾರೆ. ಡಾಕ್ಟರ ಫೀಸು ಉಳಿಸುವ ಬಡವರ ಲೆಕ್ಕವದು. ನಗುವಂಥದ್ದಲ್ಲ.

ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಫಾರ್ಮಸಿಸ್ಟ್. ಅಲ್ಲಿ 2006ರಿಂದ, ಪ್ರತ್ಯೇಕ ತರಬೇತಿ ಪಡೆದ ಫಾರ್ಮಸಿಸ್ಟರು ಸ್ವತಂತ್ರವಾಗಿ ಔಷಧ ಬರೆಯಬಹುದು. ಅವಳೂ ಆ ಸ್ನಾತಕೋತ್ತರ ತರಬೇತಿಗೆ ಸೇರಿದಾಗ, 'ಔಷಧಗಳ ವಿಷಯ ನಿನಗೆ ಗೊತ್ತೇ ಇದೆಯಲ್ಲ, ಇನ್ನೇನು ಕಲಿಯುವುದು?' ಎಂದು ಕೇಳಿದೆ. 'ಔಷಧ ಗೊತ್ತು ಮಾಮ. ರೋಗಿಯನ್ನು ಮುಟ್ಟಿ ನೋಡಿ ಗೊತ್ತಿರಲಿಲ್ಲ' ಎಂದಳು.

ವಿಶ್ವವಿದ್ಯಾಲಯದ ಪಾಠದ ಜೊತೆಗೆ, ಔಷಧ ಬರೆಯುವ ಅಧಿಕಾರವುಳ್ಳ ಅನುಭವಿಯೊಬ್ಬರ ಮೇಲ್ವಿಚಾರಣೆಯಲ್ಲಿ ಕನಿಷ್ಠ 90 ಗಂಟೆ ಕಲಿಯಬೇಕು. ರೋಗಿಯ ಮಾತು ಕೇಳಬೇಕು, ಪರೀಕ್ಷಿಸಬೇಕು, ತನ್ನ ಅರಿವಿಗೆ ಮೀರಿದ್ದನ್ನು ವೈದ್ಯರಿಗೆ ಒಪ್ಪಿಸಬೇಕು. ಪರೀಕ್ಷೆಯಲ್ಲಿ ರೋಗಿಗೆ ಅಪಾಯ ತರುವಂಥ ಉತ್ತರ ಕೊಟ್ಟರೆ, ಉಳಿದ ಅಂಕ ಎಷ್ಟಿದ್ದರೂ ಅನುತ್ತೀರ್ಣ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ನಿಯಮ: ಔಷಧ ಬರೆಯುವುದನ್ನೂ ಕೊಡುವುದನ್ನೂ ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ಇಡಬೇಕು. ಮಾರುವವನೇ ಬರೆದರೆ ಪೆನ್ನು ಲಾಭದ ಕಡೆಗೆ ವಾಲೀತು.

ನಮ್ಮಲ್ಲಿ ಫಾರ್ಮಸಿಸ್ಟರಿಗೆ ಬರೆಯುವ ಅಧಿಕಾರವಿಲ್ಲ. 2008ರಲ್ಲಿ ಆರಂಭವಾದ ಆರು ವರ್ಷದ ಫಾರ್ಮ್.ಡಿ. ಓದಿದವರಿಗೂ ಇಲ್ಲ. ಆದರೂ ಬಾಯಿಮಾತಿನ ಚೀಟಿ ಊರೂರಲ್ಲಿ ನಡೆಯುತ್ತಿದೆ. ಅಧಿಕಾರ ಕೊಡಿ ಎಂದು ನಾನು ಕೇಳುತ್ತಿಲ್ಲ. ಆದರೆ ವೈದ್ಯರಿಲ್ಲದ ಕಡೆ ಜನ ಮೊದಲು ಬರುವುದು ನಮ್ಮ ಬಳಿಗೆ. ಏನು ಕೊಡಬಾರದು, ಯಾರನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು ಎಂಬಷ್ಟನ್ನಾದರೂ ಕೌಂಟರಿನಲ್ಲಿ ನಿಂತವರಿಗೆ ರೋಗಿಗಳ ನಡುವೆಯೇ ಕಲಿಸುವುದು ಬೇಡವೇ?