ಆಟದ ದಾದಿಗೆ ಗುರುತು ಯಾವುದು?

ನಮ್ಮ ಕಾಲೇಜಿನಲ್ಲಿ ವೆಸ್ನಾತ್ ಆಡುವವರು ಹತ್ತು ಜನ ಇದ್ದರೆ ಹೆಚ್ಚು. ಮಿಕ್ಕವರೆಲ್ಲ ಮೊಬೈಲಿನಲ್ಲಿ ಗನ್ ಹಿಡಿದು ಓಡುವವರು. ಹಾಗಾಗಿ ಮೊದಲು ಆಟದ ಬಗ್ಗೆಯೇ ನಾಲ್ಕು ಮಾತು ಹೇಳಿಬಿಡುತ್ತೇನೆ.

ಪೂರ್ತಿ ಹೆಸರು ‘ದಿ ಬ್ಯಾಟಲ್ ಫಾರ್ ವೆಸ್ನಾತ್’. 2003ರಲ್ಲಿ ಡೇವಿಡ್ ವೈಟ್ ಎಂಬವರು ಶುರು ಮಾಡಿದ ಕಂಪ್ಯೂಟರ್ ಆಟ. ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಚದುರಂಗದ ಹಾಗೆ ಒಬ್ಬರಾದ ಮೇಲೆ ಒಬ್ಬರು ನಡೆಸಬೇಕು, ಆದರೆ ಮನೆಗಳು ಚೌಕ ಅಲ್ಲ, ಜೇನುಗೂಡಿನ ಹಾಗೆ ಆರು ಮೂಲೆ. ರಾಜರು, ಮಾಂತ್ರಿಕರು, ಕಾಡಿನಲ್ಲಿರುವ ಎಲ್ಫ್ ಜನ, ಸತ್ತು ಎದ್ದು ಬಂದ ಅಸ್ಥಿಪಂಜರಗಳು ಎಲ್ಲ ಇದ್ದಾರೆ. ಇದರ ಚಿತ್ರಗಳನ್ನೂ ಕೋಡನ್ನೂ ಯಾರು ಬೇಕಾದರೂ ತೆಗೆದುಕೊಂಡು ಬದಲಿಸಬಹುದು. ಮೊದಲು ಮಾಡಿದವರ ಹೆಸರು ಅಳಿಸಬಾರದು, ನಾವು ಮಾಡಿದ್ದನ್ನೂ ಅದೇ ಷರತ್ತಿನ ಮೇಲೆ ಬೇರೆಯವರಿಗೆ ಬಿಟ್ಟುಕೊಡಬೇಕು. ಇಷ್ಟೇ ಕಟ್ಟಳೆ. ಪ್ರಪಂಚದ ಎಷ್ಟೋ ಕಡೆಯ ಹವ್ಯಾಸಿಗಳು ಹೀಗೆ ತಮ್ಮದೇ ಪಾತ್ರ, ತಮ್ಮದೇ ಊರು ಬರೆದು ಸೇರಿಸಿದ್ದಾರೆ.

ನಾವು ನಾಲ್ಕು ಜನ ಸೇರಿ ಮಾಡುತ್ತಿರುವುದು ಒಂದು ಆಸ್ಪತ್ರೆಯ ಪರಿವಾರ. ಒಂದು ಡೇರೆ, ಒಬ್ಬಳು ದಾದಿ, ಅವಳು ಅನುಭವ ಗಳಿಸಿ ಮೇಲೇರಿದರೆ ಒಬ್ಬ ಹಕೀಮ ಅಥವಾ ಒಬ್ಬಳು ಸೂಲಗಿತ್ತಿ. ನಾನು ಹರಿಹರದವಳು, ದಿನಾ 14 ಕಿಲೋಮೀಟರ್ ಬಸ್ಸಿನಲ್ಲಿ ದಾವಣಗೆರೆಗೆ ಬರುತ್ತೇನೆ. ಮನುಷ್ಯರ ಚಿತ್ರ ನನ್ನದು. ಡೇರೆ, ಮನೆ, ಬಾವಿ ಬರೆಯುವವರು ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಅಣ್ಣ, ಡಿಪ್ಲೊಮಾ ಓದುತ್ತಿದ್ದಾರೆ. ಕೋಡು ಬರೆಯುವವಳು ಆಜಾದ್ ನಗರದ ನನ್ನ ಗೆಳತಿ. ಅವಳ ತಮ್ಮನ ಕೆಲಸ ಆಡಿ ನೋಡಿ ಬೈಯುವುದು. ಚಿತ್ರಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಫೋಟೋ ಎಂದು ಕಳಿಸಿದರೆ ಹಿಂದಿನ ಖಾಲಿ ಜಾಗ ಬಣ್ಣ ತುಂಬಿಕೊಂಡು ಹಾಳಾಗುತ್ತದೆ, ಡಾಕ್ಯುಮೆಂಟ್ ಎಂದೇ ಕಳಿಸಬೇಕು. ಇಷ್ಟು ಗೊತ್ತಾಗುವುದಕ್ಕೆ ನಮಗೆ ಒಂದು ವಾರ ಹಿಡಿಯಿತು.

‘ದಾದಿ’ ಎಂಬ ಹೆಸರಿಗೇ ಮನೆಯಲ್ಲಿ ನಗು. ನಮ್ಮ ಮನೆಯ ಮಾತಿನಲ್ಲಿ ದಾದಿ ಎಂದರೆ ಅಬ್ಬಾನ ಅಮ್ಮ. "ನನ್ನನ್ನು ಯುದ್ಧಕ್ಕೆ ಕಳಿಸ್ತಿದೀಯಾ?" ಎಂದು ದಾದಿ ಕೇಳಿದರು. ನಾನು ಕನ್ನಡದ ದಾದಿ ಎಂದೆ. ಅವರಿಗೆ ಅಷ್ಟೇನೂ ಒಪ್ಪಿಗೆಯಾಗಲಿಲ್ಲ.

ಈ ಆಟದ ಒಂದು ಮನೆಗೆ 72 ಪಿಕ್ಸೆಲ್ ಅಗಲ, 72 ಪಿಕ್ಸೆಲ್ ಎತ್ತರ. ಅದರೊಳಗೆ ಮನುಷ್ಯ ನಿಲ್ಲಬೇಕು, ಮುಖಕ್ಕೆ ಸಿಗುವುದು ಏಳೆಂಟು ಪಿಕ್ಸೆಲ್. ಬಟ್ಟೆಯ ಒಂದು ಭಾಗಕ್ಕೆ ರಾಣಿ ಬಣ್ಣ ಹಚ್ಚಬೇಕು. ಆಟ ಅದನ್ನು ತಾನಾಗಿಯೇ ಆಯಾ ಸೈನ್ಯದ ಬಣ್ಣಕ್ಕೆ, ಕೆಂಪಿಗೋ ನೀಲಿಗೋ, ಬದಲಿಸಿಕೊಳ್ಳುತ್ತದೆ. ಹೀಗಿರುವಾಗ ಒಬ್ಬಳು ವಾಸಿ ಮಾಡುವವಳು ಎಂದು ನೋಡಿದ ತಕ್ಷಣ ತಿಳಿಯುವುದು ಹೇಗೆ? ಮೂಲ ಆಟದ ‘ವೈಟ್ ಮೇಜ್’ಗೆ ಬಿಳಿ ನಿಲುವಂಗಿ, ಕೈಯಲ್ಲಿ ಕೋಲು. ನಾನೂ ಮೊದಲು ಹಾಗೆಯೇ ಬರೆದು ಆಪಾಗೆ ತೋರಿಸಿದೆ. ಆಪಾ ದಾವಣಗೆರೆಯಲ್ಲಿ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಉರ್ದುವಿನಲ್ಲಿ ಅಂದದ್ದನ್ನು ಕನ್ನಡಕ್ಕೆ ತಂದರೆ ಹೀಗೆ: "ಕೋಲು ಹಿಡ್ಕೊಂಡು ಗಾಯ ಯಾರು ಕಟ್ತಾರೆ? ಎರಡೂ ಕೈ ಖಾಲಿ ಇರಬೇಕು. ಆಮೇಲೆ ಇವಳು ಯಾಕೆ ಇಷ್ಟು ನೆಟ್ಟಗೆ ನಿಂತಿದಾಳೆ? ನಮ್ಮ ಸೊಂಟ ನೋಡಿದೀಯಾ?"

ಅಲ್ಲಿಂದ ದಾದಿ ಬಗ್ಗಿದಳು. ಬಗ್ಗಿದವಳನ್ನು ಬರೆಯುವುದು ನಿಂತವಳನ್ನು ಬರೆಯುವುದಕ್ಕಿಂತ ಮೂರು ಪಟ್ಟು ಕಷ್ಟ. ಆದರೆ ದೂರದಿಂದ ನೋಡಿದರೂ ಉಳಿದ ಸೈನಿಕರಿಗಿಂತ ಬೇರೆ ಕಾಣುತ್ತಾಳೆ.

ಕೈಗೆ ಏನು ಕೊಡುವುದು ಎಂಬುದು ಇನ್ನೊಂದು ರಗಳೆ. ಗೆಳತಿ ಹಕೀಮನಿಗಾಗಿ ಅಲ್-ಜಹ್ರಾವಿಯ ಉಪಕರಣಗಳನ್ನು ಹುಡುಕಿ ತಂದಳು. ಅವರು ಸಾವಿರ ವರ್ಷದ ಹಿಂದೆ ಸ್ಪೇನಿನ ಕೊರ್ಡೋವಾದಲ್ಲಿದ್ದ ಶಸ್ತ್ರವೈದ್ಯರು. 30 ಭಾಗದ ‘ಅಲ್-ತಸ್ರೀಫ್’ ಬರೆದು, ಕೊನೆಯ ಭಾಗದಲ್ಲಿ ಸುಮಾರು 200 ಉಪಕರಣಗಳ ಚಿತ್ರ ಕೊಟ್ಟಿದ್ದಾರೆ. ಅಣ್ಣ ಅತ್ತಲಿಂದ ಸುಶ್ರುತ ಸಂಹಿತೆ ತಂದರು. ಅದರಲ್ಲಿ 101 ಯಂತ್ರ, 20 ಶಸ್ತ್ರ. ಕಂಕಮುಖ ಎಂಬ ಇಕ್ಕಳಕ್ಕೆ ಹಕ್ಕಿಯ ಕೊಕ್ಕಿನ ಆಕಾರ. ಇಬ್ಬರೂ ಒಂದು ಸಂಜೆ ಪೂರ್ತಿ ಜಗಳವಾಡಿದರು. ಕೊನೆಗೆ ಎರಡನ್ನೂ ನಾನು ಬರೆದು ತೋರಿಸಿದಾಗ 72 ಪಿಕ್ಸೆಲಿನಲ್ಲಿ ಎರಡೂ ಒಂದೇ ಥರ ಚೂರಿಯ ಹಾಗೆ ಕಂಡವು. ಚೂರಿ ಹಿಡಿದವರು ಕೊಲ್ಲುವವರೇ ಎಂದು ಆಡುವವರು ತಿಳಿಯುತ್ತಾರೆ. ಆದ್ದರಿಂದ ಹಕೀಮನ ಉಪಕರಣ ಅವನ ದೊಡ್ಡ ಭಾವಚಿತ್ರದಲ್ಲಿ ಮಾತ್ರ ಇವೆ. ದಾದಿಗೆ ಒಂದು ಹಿತ್ತಾಳೆ ತಂಬಿಗೆ, ಕೈಯಿಂದ ಇಳಿಬಿದ್ದ ಬಿಳಿ ಬಟ್ಟೆಯ ಸುರುಳಿ. ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನವರು ನಾವು, ಬಟ್ಟೆ ಬರೆಯಲು ನಾಚಿಕೆ ಏಕೆ?

ನಿಜವಾದ ತಕರಾರು ಬಂದದ್ದು ಡೇರೆಯ ಮೇಲೆ. ಅಣ್ಣ ಅಂದವಾದ ಬಿಳಿ ಡೇರೆ ಬರೆದು ಅದರ ಮೇಲೆ ಕೆಂಪು ಕೂಡುಗುರುತು ಇಟ್ಟಿದ್ದರು. ಎಲ್ಲರೂ ಇಡುವುದೇ ಅದು, ಮೆಡಿಕಲ್ ಶಾಪಿನ ಬೋರ್ಡಿನಲ್ಲೂ ಕಾಣುತ್ತೇವೆ. ಗೆಳತಿ ಅದು ಇಡುವ ಹಾಗಿಲ್ಲ ಎಂದಳು. ನಾವು ಓದಿ ನೋಡಿದೆವು. ಅವಳು ಹೇಳಿದ್ದು ನಿಜ. 1859ರಲ್ಲಿ ಇಟಲಿಯ ಸೊಲ್ಫೆರಿನೋ ಯುದ್ಧದ ಗಾಯಾಳುಗಳನ್ನು ಕಣ್ಣಾರೆ ಕಂಡ ಹೆನ್ರಿ ಡ್ಯೂನಾಂಟ್ ಎಂಬವರಿಂದ ಶುರುವಾದ ಕೆಲಸ, 1864ರ ಜಿನೀವಾ ಒಪ್ಪಂದವಾಯಿತು. ಬಿಳಿಯ ಮೇಲೆ ಕೆಂಪು ಕೂಡುಗುರುತು ಇದ್ದರೆ ‘ಇವರನ್ನು ಹೊಡೆಯಬೇಡಿ, ಇವರು ಗಾಯಾಳುಗಳನ್ನು ನೋಡಿಕೊಳ್ಳುವವರು’ ಎಂದು ಅರ್ಥ. ಅದು ಔಷಧಿಯ ಗುರುತಲ್ಲ, ಆಸ್ಪತ್ರೆಯ ಅಲಂಕಾರವೂ ಅಲ್ಲ. ನಮ್ಮ ದೇಶದಲ್ಲೂ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಸರ್ಕಾರದ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ. 2017ರಲ್ಲಿ ‘ಪ್ರಿಸನ್ ಆರ್ಕಿಟೆಕ್ಟ್’ ಎಂಬ ಆಟ ಮಾಡಿದವರಿಗೆ ಬ್ರಿಟಿಷ್ ರೆಡ್ ಕ್ರಾಸ್ ಪತ್ರ ಬರೆದು, ಕೆಲವೇ ಪಿಕ್ಸೆಲ್ ಇದ್ದ ಆ ಗುರುತನ್ನು ತೆಗೆಸಿತು. ಅವರು ಹಸಿರು ಮಾಡಿಕೊಂಡರು.

"ಹಾಗಾದರೆ ಚಂದ್ರನನ್ನು ಇಡೋಣ" ಎಂದ ಗೆಳತಿಯ ತಮ್ಮ. ಅದೂ ಆಗದು. 1876ರಲ್ಲಿ ತುರ್ಕಿಯ ಉಸ್ಮಾನಿಯಾ ಸರ್ಕಾರ ಬಳಸಲು ತೊಡಗಿದ ಕೆಂಪು ಅರ್ಧಚಂದ್ರಕ್ಕೆ 1929ರಲ್ಲಿ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಅದಕ್ಕೂ ಅದೇ ರಕ್ಷಣೆ, ಅದೇ ನಿರ್ಬಂಧ. ಯಾವ ಧರ್ಮದ ಹಾಗೂ ಕಾಣದಿರಲಿ ಎಂದು 2005ರಲ್ಲಿ ಕೆಂಪು ಹರಳಿನ ಆಕಾರ ಒಂದನ್ನು ಸೇರಿಸಿದರು, ಅದಕ್ಕೂ ಹಾಗೆಯೇ.

ನಾನು ರೆಕ್ಕೆಯ ಕೋಲಿಗೆ ಎರಡು ಹಾವು ಸುತ್ತಿದ ಚಿತ್ರ ಬರೆದೆ. ಅಣ್ಣ ನೋಡಿ, "ಇದು ನಮ್ಮ ಅರಳಿಕಟ್ಟೆಯ ನಾಗರಕಲ್ಲಲ್ವೇನಮ್ಮ, ರೆಕ್ಕೆ ಯಾಕೆ ಹಚ್ಚಿದೀಯ?" ಎಂದರು. ಹೌದು, ಹೆಣೆದುಕೊಂಡ ಎರಡು ಹಾವು ಹೊಳೆದಂಡೆಯ ಎಷ್ಟೋ ಕಟ್ಟೆಗಳ ಮೇಲಿವೆ. ತಮಾಷೆ ಎಂದರೆ ಎರಡು ಹಾವಿನ ಆ ಕೋಲು ಗ್ರೀಕರಲ್ಲಿ ದೂತನಾದ ಹರ್ಮೀಸನದು, ವೈದ್ಯನದಲ್ಲ. ಅಮೆರಿಕದ ಸೈನ್ಯದ ವೈದ್ಯ ವಿಭಾಗ 1902ರಲ್ಲಿ ತನ್ನ ಗುರುತಾಗಿ ಇಟ್ಟುಕೊಂಡ ಮೇಲೆ ಅದು ಹಬ್ಬಿತು. ವೈದ್ಯ ದೇವತೆ ಅಸ್ಕ್ಲೇಪಿಯಸನ ಕೋಲಿಗೆ ಒಂದೇ ಹಾವು. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿ ಇರುವುದೂ ಒಂದೇ. ಒಂದು ಹಾವನ್ನೂ ಬರೆದೆ. 72 ಪಿಕ್ಸೆಲಿನಲ್ಲಿ ಎರೆಹುಳು.

ಇಷ್ಟೆಲ್ಲ ಆದ ಮೇಲೆ ಗೆಳತಿಯ ತಮ್ಮ, ಆಡುವವನು, ಒಂದು ಮಾತು ಹೇಳಿದ: "ಗುರುತು ಎಷ್ಟು ಚೆನ್ನಾಗಿ ಕಾಣುತ್ತೋ ಅಷ್ಟು ಬೇಗ ಸಾಯ್ತಾಳೆ."

ಆಡಿದವರಿಗೆಲ್ಲ ಇದು ಗೊತ್ತು. ವೆಸ್ನಾತಿನಲ್ಲಿ ವಾಸಿ ಮಾಡುವವರ ಪಕ್ಕ ನಿಂತವರಿಗೆ ಪ್ರತಿ ಸರದಿಗೆ 4 ಅಥವಾ 8 ಅಂಕ ಪ್ರಾಣ ಮರಳುತ್ತದೆ. ವಿಷ ತಗುಲಿದವನು ಸರದಿಗೆ 8 ಅಂಕ ಕಳೆದುಕೊಳ್ಳುತ್ತಾನೆ, ಅದನ್ನೂ ಕೆಲವರು ಇಳಿಸುತ್ತಾರೆ. ಆದ್ದರಿಂದ ಎದುರಾಳಿಯ ಮೊದಲ ಗುರಿ ಅವರೇ. ಎಲ್ಲರೂ ಎಲ್ಲರಿಗೂ ಹೇಳಿಕೊಡುವ ಮೊದಲ ಪಾಠ ‘ಹೀಲರ್‌ನ ಮೊದಲು ಹೊಡಿ’. ಜಿನೀವಾದ ಗುರುತು ಇವರನ್ನು ಮುಟ್ಟಬೇಡ ಎನ್ನುತ್ತದೆ, ನಮ್ಮ ಆಟದಲ್ಲಿ ಅದೇ ಗುರುತು ಇಲ್ಲಿಗೆ ಹೊಡಿ ಎಂದು ತೋರಿಸಿಕೊಡುತ್ತದೆ. ಕೆಲವು ಪಿಕ್ಸೆಲಿಗೆ ಪತ್ರ ಬರೆಯುವುದು ಅತಿಯಾಯಿತು ಎಂದುಕೊಂಡಿದ್ದೆವು. ಹಾಗಲ್ಲ ಎಂದು ನನಗೆ ಅನ್ನಿಸಿದ್ದು ಆಗ.

ಇದನ್ನು ಆಪಾಗೆ ಹೇಳಿದೆ. ಅವರು ಊಟದ ತಟ್ಟೆಯ ಮುಂದಿದ್ದರು. ಒಂದು ರಾತ್ರಿ ವಾರ್ಡಿನಲ್ಲಿ ರೋಗಿಯೊಬ್ಬರು ತೀರಿಕೊಂಡಾಗ ಕಡೆಯವರು ನುಗ್ಗಿ ಬಂದು ಅವರನ್ನು ಟ್ರಾಲಿಗೆ ತಳ್ಳಿದ್ದು ನಮಗೆಲ್ಲ ಗೊತ್ತಿತ್ತು. ಮೊಣಕೈ ಗಾಯ ನೋಡಿದ್ದೆವು. ಆದರೆ ಅಂದು ಹೇಳಿದ್ದನ್ನು ಮೊದಲು ಹೇಳಿರಲಿಲ್ಲ. "ಆ ರೋಗಿ ನನ್ನವರಲ್ಲ, ನಾನು ಪಕ್ಕದ ವಾರ್ಡು. ಬಿಳಿ ಡ್ರೆಸ್ ನೋಡಿ ಬಂದರು." ಕರ್ನಾಟಕದಲ್ಲಿ ವೈದ್ಯರು, ನರ್ಸುಗಳ ಮೇಲಿನ ಹಲ್ಲೆ ತಡೆಯಲು 2009ರ ಕಾಯ್ದೆ ಇದೆ ಎಂದು ನಾನು ಹೇಳಿದೆ, ಆಗಷ್ಟೇ ಓದಿದ್ದೆ. ಆಪಾ ಅನ್ನ ಕಲಸುತ್ತಾ, ಅದರ ಬೋರ್ಡು ನಮ್ಮ ಗೋಡೆ ಮೇಲೂ ಇದೆ ಎಂದರು.

ಮರುದಿನ ಗೆಳತಿಯ ಹತ್ತಿರ ಕೇಳಿದೆ, ಆಟದ ನಿಯಮವನ್ನೇ ಬದಲಿಸಬಹುದೇ ಎಂದು. ಅವಳಿಗೆ ಅದು ಎರಡು ತಾಸಿನ ಕೆಲಸ. ದಾದಿಯನ್ನು ಕೊಂದವರ ಖಜಾನೆಯಿಂದ 20 ಚಿನ್ನ ಕಡಿತ. ಆಡಿ ನೋಡಿದೆವು. ತಮ್ಮ 20 ಚಿನ್ನ ಕೊಟ್ಟು ನಿಶ್ಚಿಂತೆಯಿಂದ ಕೊಂದ. ದಂಡ ಎಂದು ಇಟ್ಟದ್ದು ಅವನಿಗೆ ಬೆಲೆಪಟ್ಟಿಯಾಯಿತು. ಕಂಪ್ಯೂಟರ್ ಎದುರಾಳಿಗಂತೂ ನಮ್ಮ ದಂಡದ ಸುದ್ದಿಯೇ ಗೊತ್ತಿಲ್ಲ, ಅದರ ಲೆಕ್ಕ ಬೇರೆ. ಮೊತ್ತ ಏರಿಸುವ ಬದಲು, ಕೊಂದವರ ಕೈಯಲ್ಲಿರುವ ಹಳ್ಳಿಗಳೆಲ್ಲ ಅವರನ್ನು ಬಿಟ್ಟುಹೋಗುವ ಹಾಗೆ ಮಾಡಿದಳು. ಹಳ್ಳಿ ಹೋದರೆ ವರಮಾನ ಹೋಯಿತು, ಗಾಯಾಳುಗಳಿಗೆ ಜಾಗವೂ ಹೋಯಿತು. ಈಗ ಯಾರೂ ದಾದಿಯನ್ನು ಮುಟ್ಟಲಿಲ್ಲ. ಬದಲಿಗೆ ತಮ್ಮ ತನ್ನ ಮೂವರು ದಾದಿಯರನ್ನು ಮುಂದೆ ತಂದು ಕಣಿವೆಯ ಬಾಯಿಗೆ ಗೋಡೆಯ ಹಾಗೆ ನಿಲ್ಲಿಸಿದ, ಅವರ ಹಿಂದೆ ಬಿಲ್ಲುಗಾರರು!

ನಿಜವಾದ ಯುದ್ಧದ ಕಾನೂನು ಇದನ್ನೂ ಮೊದಲೇ ಯೋಚಿಸಿದೆ. ಆ ಗುರುತಿನ ಮರೆಯಿಂದ ಶತ್ರುವಿಗೆ ಕೇಡು ಮಾಡಿದರೆ ರಕ್ಷಣೆ ಉಳಿಯುವುದಿಲ್ಲ ಎಂದು 1949ರ ಒಪ್ಪಂದದಲ್ಲಿದೆ. ಗೆಳತಿ ದಾದಿಯನ್ನು ಶೂನ್ಯ ಹಂತಕ್ಕೆ ಇಳಿಸಿದಳು. ಆ ಹಂತದವರು ಈ ಆಟದಲ್ಲಿ ಪಕ್ಕದಲ್ಲಿ ಹಾಯುವ ಶತ್ರುವನ್ನು ತಡೆಯಲಾರರು. ಆದರೂ ತಾನು ನಿಂತ ಮನೆಯಲ್ಲಿ ನಿಂತೇ ಇರುತ್ತಾಳಲ್ಲ, ಕಿರಿದಾದ ಕಣಿವೆಗೆ ಅಷ್ಟು ಸಾಕು. ಈ ತೊಡಕು ಇನ್ನೂ ಬಿಡಿಸಿಲ್ಲ. ಇರುವ ಹಾಗೆ ಇರಲಿ, ಮೋಸ ಮಾಡುವವರ ಜೊತೆ ಆಡದಿದ್ದರಾಯಿತು ಎಂದು ಅಣ್ಣ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೋಸ ಮಾಡುವವನು ಗೆಳತಿಯ ತಮ್ಮ, ಅವನನ್ನು ಬಿಟ್ಟು ಆಡುವುದು ಯಾರ ಜೊತೆ?

ಆಪಾಗೆ ಈ ಆಟದಲ್ಲಿ ಮೆಚ್ಚುಗೆಯಾದದ್ದು ಒಂದೇ. ವಾಸಿ ಮಾಡುವವರ ಶಕ್ತಿ ಪಕ್ಕದವರಿಗೆ ಮಾತ್ರ, ತಮಗೆ ತಾವೇ ಮಾಡಿಕೊಳ್ಳಲು ಬರುವುದಿಲ್ಲ. "ಇದನ್ನು ಬರೆದವರ ಮನೇಲಿ ಯಾರೋ ನರ್ಸ್ ಇರಬೇಕು" ಎಂದರು.

ಡೇರೆಗೆ ಈಗ ಯಾವ ಗುರುತೂ ಇಲ್ಲ. ಹೊರಗೆ ಹಗ್ಗದ ಮೇಲೆ ಒಗೆದ ಬ್ಯಾಂಡೇಜು ಒಣಗುತ್ತಿದೆ, ಪಕ್ಕದಲ್ಲಿ ಒಲೆಯ ಮೇಲೆ ನೀರಿನ ಹಂಡೆ. ಅಣ್ಣನ ಕೈಚಳಕ, ಹೊಗೆ ಆಡುತ್ತದೆ ಕೂಡ. ಬಾಕಿ ಇರುವುದು ಸೂಲಗಿತ್ತಿ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರ ಫೋಟೋಗಳನ್ನು ನೋಡಿದ್ದೇನೆ, 2018ರಲ್ಲಿ ಪದ್ಮಶ್ರೀ ಬಂದವರು. ಸೂಲಗಿತ್ತಿಯನ್ನು ಕುಳಿತ ಹಾಗೆ ಬರೆ, ನಿಂತು ಹೆರಿಗೆ ಮಾಡಿಸುತ್ತಾರಾ ಎಂದು ಆಪಾ ಆಗಲೇ ತಾಕೀತು ಮಾಡಿದ್ದಾರೆ. ಕುಳಿತ ಹೆಂಗಸು 72 ಪಿಕ್ಸೆಲಿನಲ್ಲಿ ಬಂಡೆಗಲ್ಲಿನ ಹಾಗೆ ಕಾಣುತ್ತಾಳೆ. ಐದು ಸಲ ಬರೆದೆ, ಐದೂ ಬಂಡೆ. ಕೈ ಪಳಗಿದವರು ಯಾರಾದರೂ ಇದ್ದರೆ ಶನಿವಾರ ಕ್ಲಾಸು ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬಿಗೆ ಬನ್ನಿ, ಪೆನ್‌ಡ್ರೈವ್ ತನ್ನಿ. ಮೇಡಂ ಒಪ್ಪಿಗೆ ಕೊಟ್ಟಿದ್ದಾರೆ.