ಬೆಂಕಿಪುರದ ತಿರುವು

ಶಿವಮೊಗ್ಗದಲ್ಲಿ ತುಂಗಾ ಸೇತುವೆ ದಾಟಿ ಸುಮಾರು 20 ಕಿಲೋಮೀಟರ್ ಸಾಗಿದರೆ ಭದ್ರಾವತಿ. ಇದರ ಹಳೆಯ ಹೆಸರು ಬೆಂಕಿಪುರ. ಕಬ್ಬಿಣ ಕರಗಿಸುವ ಕುಲುಮೆಯಿಂದಲೇ ಈ ಹೆಸರು ಬಂದಿರಬೇಕೆಂದು ಪ್ರವಾಸಿ ಊಹಿಸುತ್ತಾನೆ. ಊಹೆ ತಪ್ಪು! ಕಾರ್ಖಾನೆಯ ಕೆಲಸ ಆರಂಭವಾದದ್ದು 1918ರಲ್ಲಿ. ಹೆಸರು ಅದಕ್ಕಿಂತ ಹಳೆಯದು.

ಪತ್ತೇದಾರಿ ಸಿನಿಮಾದ ತಿರುವೂ ಹೀಗೆಯೇ. ಸುಳಿವು ಕಣ್ಣೆದುರೇ ಇರುತ್ತದೆ. ನೋಡುವವರು ಬೇರೆಯೇ ಅರ್ಥ ಮಾಡಿಕೊಂಡಿರುತ್ತಾರೆ. ಇದೇ ಜಿಲ್ಲೆಯ ತೀರ್ಥಹಳ್ಳಿ ಸೀಮೆಯಲ್ಲಿ ನಡೆಯುವ ಕಥೆ, ಸಂದೀಪ್ ಸುಂಕದ್ ನಿರ್ದೇಶನದ ‘ಶಾಖಾಹಾರಿ’ (2024) ಇದಕ್ಕೆ ಸಾಕ್ಷಿ. ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು, ಜಾಡು ಹಿಡಿದು ಬರುವ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ. ಭಯ ಹುಟ್ಟುವುದು ನಿತ್ಯದ ಒಲೆ, ಅಡುಗೆಮನೆ, ಪರಿಚಿತ ಗಿರಾಕಿಗಳ ನಡುವೆ.

ಸಿನಿಮಾ ಕನಸಿನ ಮಕ್ಕಳಿಗೂ, ಅದಕ್ಕೆ ಹೆದರುವ ಹೆತ್ತವರಿಗೂ ಭದ್ರಾವತಿಯಲ್ಲಿ ಪಾಠವಿದೆ. ಕಬ್ಬಿಣದ ಕಾರ್ಖಾನೆಯಲ್ಲಿ ನೌಕರರಾಗಿದ್ದ ದೊಡ್ಡಣ್ಣ ನಟರಾದರು. ಈ ಊರಿನ ಎಸ್. ನಾರಾಯಣ್ ನಿರ್ದೇಶಕರಾದರು. ಎಷ್ಟೋ ಮನೆಗಳಿಗೆ ಆಸರೆಯಾಗಿದ್ದ ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಮಕ್ಕಳ ದಾರಿಯ ತಿರುವನ್ನು ಹೆತ್ತವರು ಮೊದಲೇ ಕಾಣಲಾರರು. ಊರನ್ನು ಕಣ್ತೆರೆದು ನೋಡುವುದನ್ನು ಮಾತ್ರ ಕಲಿಸಬಲ್ಲರು.