ಕರಿ ಬಿಯರಿಗೆ 50ಕ್ಕ ಎಷ್ಟು?

ಹೋದ ಸಲ ಅಗಸಿ ಹಿಂಡಿ ಬಗ್ಗೆ ಬರದಾಕಿ ಈ ಸಲ ಬಿಯರ್ ಬಗ್ಗೆ ಬರೀಲಿಕ್ಕೆ ಹತ್ಯಾಳ ಅಂತ ಗಾಬರಿ ಆಗಬ್ಯಾಡ್ರಿ. ನಮ್ಮ ಮನಿಯವ್ರು ಇದನ್ನ ಓದೇ ಓದ್ತಾರ, ಓದಲಿ. ಎರಡಕ್ಕೂ ಬೇಕಾಗೋದು ಮೂಗು. ಗುರೆಳ್ಳು ಹುರಿಯೋ ಮುಂದ ಚಟಚಟ ಅನ್ನೋದು ನಿಂತ ಮ್ಯಾಲೆ ಇನ್ನೆಷ್ಟು ಹೊತ್ತು ಬುಟ್ಟಿ ಒಲಿ ಮ್ಯಾಲೆ ಇಡಬೇಕು ಅನ್ನೋದು ಯಾವ ಪುಸ್ತಕದಾಗೂ ಬರದಿಲ್ಲ. ಒಂದು ಕ್ಷಣ ಮೊದಲು ಇಳಸಿದ್ರ ಹಸಿ, ಒಂದು ಕ್ಷಣ ತಡಾ ಆದ್ರ ಕಹಿ. ಮೂವತ್ತು ವರ್ಷ ಆತು, ನಮ್ಮನ್ಯಾಗ ಹುರಿಯೋ ಕೆಲಸ ಯಾರ ಕೈಗೂ ಕೊಟ್ಟಿಲ್ಲ ನಾ.

ನಮ್ಮ ಮಗ ಇರೋದು ಅಮೇರಿಕಾದ ಪೋರ್ಟ್‌ಲ್ಯಾಂಡ್ ಊರಾಗ, ಆರೆಗಾನ್ ರಾಜ್ಯ. ಸೊಸಿ ಬಸರಿ ಇದ್ಲು, ಬಾಣಂತನಕ್ಕಂತ ಹೋಗಿದ್ದೆ. ಹೋದ ಎರಡನೇ ದಿನ ಗ್ಯಾರೇಜಿನ ಬಾಗಲಾ ತಗದು ನೋಡ್ತೇನಿ, ದೊಡ್ಡ ದೊಡ್ಡ ಗಾಜಿನ ಬುರುಡಿ, ರಬ್ಬರ್ ಕೊಳವಿ, ಜ್ವಾಳದ ಚೀಲದಂಥಾ ಚೀಲ. ಇಂವ ಮನ್ಯಾಗ ಬಿಯರ್ ಮಾಡ್ತಾನಂತ! ಪೊಲೀಸರು ಬರೂದಿಲ್ಲೇನೋ ಅಂದೆ. ಆ ದೇಶದಾಗ 1978ರಾಗ ಕಾರ್ಟರ್ ಅಧ್ಯಕ್ಷ ಇದ್ದಾಗ ಕಾಯ್ದೆ ಸಡಲ ಮಾಡ್ಯಾರಂತ. ಇಬ್ಬರು ದೊಡ್ಡವರಿರೋ ಮನಿಗೆ ವರ್ಷಕ್ಕ 200 ಗ್ಯಾಲನ್ ತನಕಾ ಮಾಡಬಹುದು, ಆದ್ರ ಮಾರೋ ಹಂಗಿಲ್ಲ. 200 ಗ್ಯಾಲನ್ ಅಂದ್ರ 750 ಲೀಟರ್ ಮ್ಯಾಲೆ ಆತು. ನಾ ಲೆಕ್ಕಾ ಹಾಕಿ ಸುಮ್ಮನ ಕೂತೆ.

ಮಾಡೋ ರೀತಿ ಕೇಳಿದ್ರ ಮಾತ್ರ ನಮ್ಮ ಅಡಗಿಮನಿ ಕೆಲಸನ. ಜವೆಗೋಧಿ ನೆನಸಿ, ಮೊಳಕಿ ಬರಿಸಿ, ಒಣಗಿಸ್ತಾರ. ನಾವು ಕೂಸಿಗೆ ರಾಗಿ ಮೊಳಕಿ ಕಟ್ಟಿ ಹಿಟ್ಟು ಮಾಡೂದಿಲ್ಲೇನು, ಹಂಗ. ಮೊಳಕಿ ಬಂದ ಕಾಳಿನ್ಯಾಗ ಪಿಷ್ಟ ಸಕ್ಕರಿ ಆಗೋ ಶಕ್ತಿ ಬರ್ತದ. ಬಿಸಿ ನೀರಾಗ ನೆನಸಿ ಆ ಸಿಹಿ ನೀರು ಬಸಿದು, ಹಾಪ್ಸ್ ಅನ್ನೋ ಬಳ್ಳಿಯ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಇಟ್ರ ಅದು ಸಕ್ಕರಿ ತಿಂದು ಅಮಲು ಮಾಡ್ತದ. ಬಸಿದು ಉಳಿದ ಕಾಳಿನ ಗಷ್ಟು ಚೆಲ್ಲಲಿಕ್ಕೆ ಹೊಂಟಿದ್ದ, ನಾ ಕಸಗೊಂಡು ಗೋಧಿ ಹಿಟ್ಟು ಉಳ್ಳಾಗಡ್ಡಿ ಕಲಸಿ ಥಾಲಿಪಟ್ಟು ಮಾಡಿದೆ. ಹೊಟ್ಟು ಭಾಳ, ಹಲ್ಲಿಗೆ ಸಿಗ್ತದ, ಆದ್ರ ರುಚಿ ಕೆಟ್ಟದ್ದಿಲ್ಲ.

ಇವ ಮಾಡಿದ್ದು ಸ್ಟೌಟ್ ಅನ್ನೋ ಕರಿ ಬಿಯರ್. ಡಾಂಬರದಂಥಾ ಬಣ್ಣ. ಇಡೀ 19 ಲೀಟರಿಗೆ ಹಾಕಿದ ಐದೂವರಿ ಕೆ.ಜಿ. ಕಾಳಿನ್ಯಾಗ ಕರಿ ಬಣ್ಣದ್ದು ಅರ್ಧ ಕೆ.ಜಿ. ಸೈತ ಇಲ್ಲ! ಅದು ಮೊಳಕಿ ಬರಿಸದ ಜವೆಗೋಧಿನ, ಕಾಫಿ ಬೀಜ ಹುರಿದಂಗ 200 ಡಿಗ್ರಿ ಮ್ಯಾಲೆ ಹುರಿದದ್ದು. ಹಿಂಗ ಉರುಳಿಯೊಳಗ ಕರಿಯಂಗ ಹುರಿಯೋ ಯಂತ್ರಕ್ಕ 1817ರಾಗ ಡೇನಿಯಲ್ ವೀಲರ್ ಅನ್ನೋ ಇಂಗ್ಲೆಂಡಿನಂವ ಪೇಟೆಂಟ್ ತಗೊಂಡನಂತ. ಮೊದಲ ಅಲ್ಲಿ ಸ್ಟೌಟ್ ಅಂದ್ರ ಬರೇ ಗಟ್ಟಿ, ಜೋರಿನ ಬಿಯರ್ ಅಂತ ಅರ್ಥ. ಐರ್ಲೆಂಡಿನ ಗಿನ್ನೆಸ್ ಅದ ಜಾತಿ. ಅಮೇರಿಕಾದವರು ಅದಕ್ಕ ತಮ್ಮ ಹಾಪ್ಸ್ ಕೈ ಬಿಟ್ಟು ಸುರಿದ್ರು. ಇವ ಹಾಕಿದ್ದು ಕ್ಯಾಸ್ಕೇಡ್ ಅನ್ನೋ ತಳಿ, ಅದ ಆರೆಗಾನಿನ್ಯಾಗ ಬೆಳಸಿ 1972ರಾಗ ರೈತರಿಗೆ ಕೊಟ್ಟದ್ದು. ಒಣ ಹೂವು ಅಂಗೈಯಾಗ ತಿಕ್ಕಿ ಮೂಸಿದ್ರ ಚಕ್ಕೋತದ ಸಿಪ್ಪಿ ಸುಲಿದ ವಾಸನಿ. ಗಾಂಜಾದ ಕುಟುಂಬದ ಗಿಡಾ ಅವ್ವಾ ಇದು ಅಂದ. ಕೈ ತೊಳಕೊಂಡೆ.

ಒಂದು ತಾಸು ಕುದಿಸಿದ್ರ ಹಾಪ್ಸ್ ಕಹಿ ಬಿಡ್ತದ, ವಾಸನಿ ಹಾರಿ ಹೋಗ್ತದ. ವಾಸನಿ ಬೇಕಂದ್ರ ಕಡೀಕ ಹಾಕಬೇಕು. ಸಾರು ಇಳಸೋ ಮುಂದ ಕೊತ್ತಂಬರಿ ಹಾಕೋದು ಯಾಕಂತ ಇವಗ ಇಪ್ಪತ್ತು ವರ್ಷ ಹೇಳಿದ್ದೆ, ಅಡಗಿಮನಿಗೆ ಕಾಲಿಡದಂವ ಗ್ಯಾರೇಜಿನ್ಯಾಗ ಕಲ್ತಾನ.

ಆ ಊರಾಗ ಮನಿ ಬಿಯರಿನ ಸ್ಪರ್ಧಾ ಇರ್ತಾವ. ಅದಕ್ಕ ಒಂದು ಮಾರ್ಕ್ಸ್ ಹಾಳಿ: ವಾಸನಿಗೆ 12, ನೋಟಕ್ಕ 3, ರುಚಿಗೆ 20, ಬಾಯಾಗ ಹೆಂಗ ಅನಸ್ತದ ಅನ್ನೋದಕ್ಕ 5, ಒಟ್ಟಾರೆ 10. ನೋಟಕ್ಕ ಬರೇ 3 ಅನ್ನೋದು ನನಗ ಭಾಳ ಸೇರಿತು. ಕನ್ಯಾ ನೋಡೋವ್ರಿಗೂ ಇಂಥಾದ್ದೊಂದು ಹಾಳಿ ಕೊಡಬೇಕಿತ್ತು. ಪ್ರತಿ ಸಲ ಸೊಸಿನ ನೋಡಿ ಹೇಳ್ತಿದ್ಲಂತ, ಈಗ ಆಕಿ ಮುಟ್ಟೋ ಹಂಗಿಲ್ಲ. "ಅವ್ವಾ, ನಿನ್ನಂಥಾ ಮೂಗು ಈ ಊರಾಗ ಯಾರಿಗೂ ಇಲ್ಲ, ಎರಡು ಚಮಚ ಸಾಕು" ಅಂತ ಗಂಟು ಬಿದ್ದ.

ನಾ ಒಂದು ವಾರ ಉತ್ತರ ಕೊಡಲಿಲ್ಲ. ಮಡಿ ಮೈಲಿಗಿ ಸಂಬಂಧ ಅಲ್ಲ. ನಮ್ಮ ಅಣ್ಣ ಅಡತಿ ಅಂಗಡ್ಯಾಗ ಲೆಕ್ಕಾ ಬರೀತಿದ್ದ. ರಾತ್ರಿ ಬಾಯಿ ತುಂಬ ಬಡೇಸೋಪು ಹಾಕ್ಕೊಂಡು ಬರ್ತಿದ್ದ. ಅವನ ಹಿಂದ ಬರೋ ವಾಸನಿ ನಾ ಬಾಗಲದಾಗ ನಿಂತು ಗುರ್ತು ಹಿಡೀತಿದ್ದೆ, ಅವ್ವನಕಿಂತ ಮೊದಲ. 43ಕ್ಕ ಹೋದ. ಹುಡುಗ್ರಿಗೆ ಮಾಮಾ ಕಾಮಣಿ ಆಗಿ ಹೋದ ಅಂತ ಹೇಳಿದ್ವಿ. ಇವತ್ತಿಗೂ ಹೊಟೇಲಿನ್ಯಾಗ ಬಿಲ್ಲಿನ ಜೊತಿ ಬಡೇಸೋಪು ಬಂದ್ರ ನಾ ತಾಟು ದೂರ ಸರಸ್ತೇನಿ.

ಒಂದಿನ ಸೊಸಿ ಮಲಗಿದ ಮ್ಯಾಲೆ ಗ್ಯಾರೇಜಿಗೆ ಹೋಗಿ ಹೇಳಿದೆ. "ಕಾಮಣಿ ಆಗಿದ್ದು ಖರೇನಪಾ. ಯಾಕ ಆತು ಅನ್ನೋದು ನಿಮಗ ಹೇಳಿದ್ದಿಲ್ಲ." ಅವ ಬಾಟಲಿ ಒರಸ್ಕೋತ ನಿಂತಿದ್ದ. "ನನಗ ಗೊತ್ತದವ್ವಾ. ಹತ್ತನೇತ್ತಾ ಇದ್ದಾಗ ಅಜ್ಜಿ ಹೇಳಿದ್ಲು. ಅದಕ್ಕ ಬರದಿಡ್ತೇನಿ." ಒಂದು ನೋಟುಬುಕ್ಕು ತೋರಿಸಿದ. ಯಾವ ದಿನ ಎಷ್ಟು ಬಾಟಲಿ, ಯಾರ ಜೊತಿ, ಎಲ್ಲಾ ತಾರೀಖು ಹಾಕಿ. ವಾರಕ್ಕ ಎರಡು, ಒಂದೊಂದ್ಸಲ ಮೂರು.

ನಮ್ಮ ಅಣ್ಣನೂ ಲೆಕ್ಕಾ ಬರಿಯೋವನ ಇದ್ದ. ಮರುದಿನ ಮುಂಜಾನೆ ಅಂವ ಆಫೀಸಿಗೆ ಹೋದ ಮ್ಯಾಲೆ ನಾ ಕೂತು ಬಾಟಲಿ ಎಣಿಸಿದೆ. 50 ತುಂಬಿಸಿದ್ದು, 44 ಇದ್ವು. ಪುಸ್ತಕದಾಗೂ 6 ಖರ್ಚು. ಸಂಜೀಕ "ತಗಂಬಾ" ಅಂದೆ.

ಫ್ರಿಜ್ಜಿನಿಂದ ತಗದು ಇಪ್ಪತ್ತು ನಿಮಿಷ ಹೊರಗ ಇಟ್ಟ, ಭಾಳ ತಣ್ಣಗಿದ್ರ ವಾಸನಿ ಏಳೂದಿಲ್ಲ. ಗ್ಲಾಸಿಗೆ ಹಾಕಿದ್ರ ಕಂದು ನೊರಿ, ಧಾರವಾಡ ಫೇಡೆದ ಬಣ್ಣ, ಲಗೂನ ಇಳೀಲಿಲ್ಲ. ದೀಪಕ್ಕ ಹಿಡಿದ್ರ ಅಂಚಿಗೆ ಮಾತ್ರ ಸಣ್ಣ ಕೆಂಪು. 3ಕ್ಕ 3 ಕೊಟ್ಟೆ.

ಮೂಗಿಗೆ ಹಿಡಿದ ಕೂಡ್ಲೆ ಮೊದಲು ಹುರಿದ ಕಾಫಿ, ಹಿಂದ ಚಕ್ಕೋತ. ಅದರ ಕೆಳಗ ಇನ್ನೊಂದಿತ್ತು. ನಾ ಗ್ಲಾಸು ಇಳಿಸಿ ಮತ್ತ ಎತ್ತಿದೆ. ಅಮಲಿನ ಘಾಟು ಬರ್ತದ, ಹೊಟ್ಟಿ ತೊಳಸ್ತದ ಅಂತ ಗಟ್ಟಿ ಆಗಿ ಕೂತಿದ್ದೆ, ಅದು ಬರಲಿಲ್ಲ. ಬಂದದ್ದು ಬೆಣ್ಣಿ. ಕಾಸಲಿಕ್ಕೆ ಇಟ್ಟು ಇನ್ನೂ ತುಪ್ಪ ಆಗದ ಬೆಣ್ಣಿ. "ಇದರಾಗ ಬೆಣ್ಣಿ ಹಾಕೀ ಏನೋ?" ಅಂದ್ರ ಅವನ ಮಾರಿ ಸಣ್ಣದಾತು. ಡಯಾಸಿಟೈಲ್ ಅಂತ ಒಂದದ, ಪಾಪ್‌ಕಾರ್ನಿಗೆ ಬೆಣ್ಣಿ ವಾಸನಿ ಕೊಡಲಿಕ್ಕೆ ಹಾಕೋದೂ ಅದನ. ಯೀಸ್ಟ್ ಕೆಲಸ ಮಾಡೋ ಮುಂದ ಹುಟ್ಟತದ, ಕಡೀಕ ಯೀಸ್ಟೇ ಅದನ್ನ ತಿಂದು ತಗೀತದ. ಅವಸರ ಮಾಡಿ ಮೊದಲ ಬಾಟಲಿಗೆ ತುಂಬಿದ್ರ ಉಳದುಬಿಡ್ತದ. ಕೆಲವರ ಮೂಗಿಗೆ ಅದು ಹತ್ತೋದ ಇಲ್ಲಂತ, ನಮ್ಮ ಮಗ ಅಂಥಾವ್ರೊಳಗ ಒಬ್ಬ. ಬೆಣ್ಣಿ ಕಾಸೋ ಮನ್ಯಾಗ ಹುಟ್ಟಿ ಇದೇನು ಮೂಗಪಾ!

ಇನ್ನ ರುಚಿ. ನಾಲಿಗಿ ತುದಿಗೆ ಸುಟ್ಟ ಬೆಲ್ಲದಂಥಾ ಸಣ್ಣ ಸಿಹಿ, ಆಮ್ಯಾಲೆ ಹುರಿದದ್ದು, ಕಡೀಕ ಹಾಪ್ಸಿನ ಕಹಿ. ಇಲ್ಲೇ ನನ್ನ ತಕರಾರು. ಹುರಿದದ್ದರ ಕಹಿ ಬ್ಯಾರೆ, ಸೊಪ್ಪಿನ ಕಹಿ ಬ್ಯಾರೆ. ಸೀದ ಮೆಂತೆ ಮತ್ತು ಹಾಗಲಕಾಯಿ ಎರಡನ್ನೂ ಒಂದ ಪಲ್ಯಾದಾಗ ಹಾಕಿದ್ರ ಯಾವುದೂ ಕೇಳಸೂದಿಲ್ಲ, ಗಂಟಲಾಗ ಒಗರು ಕೂಡ್ತದ. ಈ ಜಾತಿಯೊಳಗ ಎರಡೂ ಇರಬೇಕಂತ ನೇಮ ಇದ್ರ ಇರಲಿ, ಆದ್ರ ಒಂದು ಹಿರೇ ಸೊಸಿ ಆಗಬೇಕು, ಒಂದು ಕಿರೇ ಸೊಸಿ ಆಗಬೇಕು. ಕರಿ ಕಾಳು ನೂರು ಗ್ರಾಂ ಕಡಿಮಿ ಮಾಡು, ಇಲ್ಲಾ ಅದನ್ನ ಬ್ಯಾರೆ ತಣ್ಣೀರಾಗ ನೆನಸಿ ಆ ನೀರು ಅಷ್ಟ ಹಾಕು ಅಂದೆ. ಹುಣಸಿಹಣ್ಣು ಕುದಿಸಿದ್ರ ಒಗರು, ತಣ್ಣೀರಾಗ ನೆನಸಿದ್ರ ಮೆತ್ತಗ, ಆ ಲೆಕ್ಕದ ಮ್ಯಾಲೆ. ಹಂಗ ಮಾಡೋವ್ರು ಅಲ್ಲೂ ಇದ್ದಾರಂತ.

ಬಾಯಾಗ ದಪ್ಪ ಇತ್ತು, ಛೊಲೊ ಇತ್ತು, 5ಕ್ಕ 4. ವಾಸನಿಗೆ 7, ರುಚಿಗೆ 11, ಒಟ್ಟಾರೆ 5. ಕೂಡಿಸಿದ್ರ 30. ಮೂರನೇ ಚಮಚ ಬ್ಯಾಡ ಅಂದೆ, ಅಂವ ಒತ್ತಾಯ ಮಾಡಲಿಲ್ಲ.

ಆ ಸ್ಪರ್ಧಾಕ್ಕ ಕಳಸಲಿಲ್ಲ. ಬಾಟಲಿಗಳನ್ನ ಮನಿ ಒಳಗ, ಬೆಚ್ಚಗಿರೋ ಕಪಾಟಿನ್ಯಾಗ ಮೂರು ವಾರ ಇಟ್ಟ, ಒಳಗ ಉಳದ ಯೀಸ್ಟು ಬೆಣ್ಣಿ ತಿನ್ನಲಿ ಅಂತ. ಅರ್ಧ ಹೋತು, ಪೂರಾ ಹೋಗಲಿಲ್ಲ. ಅಷ್ಟ್ರಾಗ ಮೊಮ್ಮಗಳು ಹುಟ್ಟಿದ್ಲು, ಗ್ಯಾರೇಜಿನ ಕಡೆ ಯಾರೂ ಹೋಗಲಿಲ್ಲ.

ನಾ ಧಾರವಾಡಕ್ಕ ಬಂದು ನಾಲ್ಕು ತಿಂಗಳಾತು. ಪ್ರತಿ ಆಯ್ತವಾರ ಫೋನಿನ್ಯಾಗ ಮೊದಲು ಕೂಸಿನ ತೂಕ ಕೇಳ್ತೇನಿ, ಆಮ್ಯಾಲೆ ಬಾಟಲಿ ಎಷ್ಟು ಉಳದಾವ ಅಂತ. ಕ್ಯಾಮೆರಾ ಕಪಾಟಿನ ಕಡೆ ತಿರುಗಿಸು ಅಂತೇನಿ, ತಿರುಗಿಸ್ತಾನ. ಹೋದ ವಾರ 19 ಇದ್ವು.